ರೂಮ್ ಟೋನ್

ಮಾತು ಮುಗಿದ ಮೇಲೆ ಒಂದು ನಿಮಿಷ
ಯಾರೂ ಕದಲಬಾರದು.
ನನ್ನ ಕಸುಬಿಗೆ ಇರುವುದು ಅದೊಂದೇ ಶಾಸ್ತ್ರ.
ಕುರ್ಚಿ ಕಿರುಗುಟ್ಟಬಾರದು, ಬಳೆ ಆಡಬಾರದು.
ಆ ಕೋಣೆ ತನ್ನಷ್ಟಕ್ಕೆ ಹೇಗಿರುತ್ತದೋ
ಅದನ್ನೂ ಒಂದಷ್ಟು ತುಂಬಿಕೊಂಡು ಬರಬೇಕು,
ಮಾತು ಕತ್ತರಿಸಿದ ಕಡೆ ತೇಪೆ ಹಾಕಲು.

ಇಪ್ಪತ್ತಾರು ವರ್ಷ ಗ್ಲಾಡಿಸ್ ನಿರ್ಮಲಾ
ಈ ನಿಮಿಷಕ್ಕಾಗಿ ಎಂಥೆಂಥವರನ್ನೋ ಗದರಿದ್ದಾಳೆ:
"ಜಬೀ ಕೈ ಎತ್ತಿದ್ದಾನೆ,
ಉಸಿರೂ ಮೆಲ್ಲಗೆ ಬಿಡ್ರಪ್ಪ."

ಶನಿವಾರ ಭಾನುವಾರ ನಾವು ಮದುವೆಯವರು.
ಛತ್ರದ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಧಾರೆ ಹಿಡಿದೆವು,
ಗಂಡಿನ ಕಡೆಯವರ ಮುನಿಸು ಹಿಡಿದು
ಆಮೇಲೆ ಅಳಿಸಿದೆವು.
ಸೋಮವಾರ ಅದೇ ದುಡ್ಡಲ್ಲಿ ಕಲಾಸಿಪಾಳ್ಯದ ಮಂಡಿ.
ಬೆಳ್ಳುಳ್ಳಿ ಬಿಡಿಸುವ ಹೆಂಗಸರ ಉಗುರು, ಹಾಡಲ್ಲದ ಗೊಣಗು,
ಮೈಕಿನ ಸ್ಪಂಜಿಗೆ ಹತ್ತಿದ ಘಾಟು ಎರಡು ಮಳೆಗಾಲ ಹೋಗಲಿಲ್ಲ.
ಚರ್ಚಿನ ಹಾಲಿನಲ್ಲಿ ಬೆಡ್‌ಶೀಟು ಕಟ್ಟಿ ತೋರಿಸಿದಾಗ
ನೋಡಿದವರು ಹನ್ನೊಂದು ಜನ,
ಇಬ್ಬರು ಪ್ರೊಜೆಕ್ಟರ್ ಬಾಡಿಗೆಯವನ ಮಕ್ಕಳು.

ನಿರ್ಮಾಪಕಿ ಅಂದರೇನು ಅಂತ ಕೇಳಿದರು ಬ್ಯಾಂಕಿನಲ್ಲಿ.
"ಸಾಲ ಮಾಡುವವಳು" ಅಂದಳು.
ಅವರು ನಗಲಿಲ್ಲ.
ಸಾಲವನ್ನೂ ಕೊಡಲಿಲ್ಲ.

ಆಮೇಲೆ ಅಂಜಿನಪ್ಪ. ನೀರು ಬಿಡುವವನು.
ತನ್ನೆತ್ತರದ ಕಬ್ಬಿಣದ ಕೀ ಹೆಗಲಿಗಿಟ್ಟು
ರಾತ್ರಿ ಮೂರರ ಬೀದಿಗಳಲ್ಲಿ
ಗುಂಡಿಗೆ ಇಳಿಸಿ ನೆಲವನ್ನೇ ತಿರುವುವವನು.
ಮೂರು ವರ್ಷ ಅವನ ಹಿಂದೆ ನಡೆದೆವು.
ನಾಯಿಗಳಿಗೆ ನಮ್ಮ ವಾಸನೆ ರೂಢಿಯಾಯಿತು.
ಎಡಿಟಿಂಗು ಮುಗಿಯುವ ಹೊತ್ತಿಗೆ
ಹೆಣ್ಣೂರಿನ ಸೈಟು ಹೋಗಿತ್ತು, ಸ್ಕೂಟರೂ.
ನನ್ನ ಸಂಬಳ ಹದಿನಾಲ್ಕು ತಿಂಗಳು ಬಾಕಿ.
(ಕೊಟ್ಟಳು. ಬೇಡವೆಂದರೂ ಬಡ್ಡಿ ಸೇರಿಸಿ.)

ಯಾವುದೋ ಹಿಮದ ದೇಶದಿಂದ ಕಾಗದ ಬಂತು,
ಐದು ಚಿತ್ರಗಳಲ್ಲಿ ನಮ್ಮದೂ ಒಂದು.
ವೀಸಾ ಬರಲಿಲ್ಲ.
ಲಿಂಗರಾಜಪುರ, ಬೇಕರಿಯ ಮೇಲಿನ ಎಡಿಟಿಂಗ್ ಕೋಣೆ,
ಬನ್ನಿನ ವಾಸನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತೆವು.
ಅಂಜಿನಪ್ಪ ಇಸ್ತ್ರಿ ಅಂಗಿ ಹಾಕಿ ಬಂದಿದ್ದ.
ಮೂರೂವರೆಗೆ ಗಡಿಯಾರ ನೋಡಿ ಎದ್ದ:
"ಮೂರನೇ ಕ್ರಾಸ್‌ನೋರು ಕೊಡ ಇಟ್ಕೊಂಡು ಕಾಯ್ತಿರ್ತಾರೆ ಕಣಮ್ಮ."

ನಾಲ್ಕನೆಯದಾಗಿ ಅವಳ ಹೆಸರು ಓದಿದರು,
ನಿರ್ಮಲಾ ಹೋಗಿ ನಾರ್ಮಾಲಾ.
ಲಕೋಟೆ ಹರಿದ ಸದ್ದು ಇನ್ನೂ ಕಿವಿಯಲ್ಲಿದೆ,
ದಪ್ಪ ಕಾಗದ, ಒಳ್ಳೆಯ ಮೈಕು.
ಐದನೆಯವರನ್ನು ಕರೆದರು.
ಅಷ್ಟರಲ್ಲಿ ಕೆಳಗೆ ನಲ್ಲಿ ಕೆಮ್ಮಿತು,
ಗಾಳಿ ಉಗುಳಿತು, ಬಂತು.
"ಬಿಟ್ಟ" ಅಂದಳು ಗ್ಲಾಡಿಸ್.
ಬಕೆಟ್ಟು ಇಡಲು ಮೆಟ್ಟಿಲಿಳಿದು ಹೋದಳು.

ಮೊನ್ನೆ ಗಾಂಧಿನಗರದಲ್ಲಿ ಸನ್ಮಾನ.
ಬ್ಯಾನರಿನಲ್ಲಿ 'ಪ್ರಶಸ್ತಿಗೆ ನಾಮನಿರ್ದೇಶನಗೊಂಡ'
ಅನ್ನುವುದು ಅವಳ ಹೆಸರಿಗಿಂತ ದೊಡ್ಡದಾಗಿತ್ತು.
ಬೆಳ್ಳುಳ್ಳಿಯ ಸುದ್ದಿ ಯಾರೂ ಎತ್ತಲಿಲ್ಲ.
ನನಗೂ ಎರಡು ಮಾತಾಡಿ ಅಂದರು.
ಕೇಳಿ ಬದುಕಿದವನು, ಆಡಿ ಅಭ್ಯಾಸವಿಲ್ಲ.
"ಎಲ್ಲರೂ ಒಂದು ನಿಮಿಷ ಮೌನವಾಗಿರಿ" ಅಂದೆ.

ಜನ ದಡಬಡ ಎದ್ದು ತಲೆ ತಗ್ಗಿಸಿದರು.
ಅಧ್ಯಕ್ಷರು ಅಂಗಿ ಜಗ್ಗಿದರು:
"ಏನ್ರೀ ಇದು, ಬದುಕಿದ್ದಾರಲ್ರೀ ಅವರು!"
ಅವಳಿಗೆ ಮಾತ್ರ ತಿಳಿಯಿತು.
ಶಾಲಿನೊಳಗೆ ಬಳೆಗಳನ್ನು ಒತ್ತಿ ಹಿಡಿದಳು.
ನಾನು ಜೇಬಿನೊಳಗೆ ಗುಂಡಿ ಒತ್ತಿದೆ.

ಮೂರು ಫ್ಯಾನು, ಒಂದಕ್ಕೆ ಎಣ್ಣೆ ಬೇಕು.
ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ಕು
ತಾನಾಗಿ ಬಿಚ್ಚಿಕೊಳ್ಳುವ ಚಿಟಪಟ.
ಹೊರಗೆ ಮೆಜೆಸ್ಟಿಕ್ಕಿಗೆ ತಿರುಗುವ ಬಸ್ಸು.
ಹಿಂದಿನ ಸಾಲಲ್ಲಿ ಅಂಜಿನಪ್ಪನ ಕೆಮ್ಮು,
ಅವನಿಗೆ ಹೇಳಿ ಪ್ರಯೋಜನವಿಲ್ಲ.
ನಲವತ್ತೊಂದನೇ ಸೆಕೆಂಡಿನಲ್ಲಿ
ಅವಳು ನಗು ತಡೆದದ್ದು,
ಮೂಗಿನಿಂದ ಒಂದಿಷ್ಟು ಗಾಳಿ.